ಹಿಡಿ ಜೋಳದ ಸದ್ದು

ಕಳೆದ ಭಾನುವಾರ ನಮ್ಮ ಕ್ರೈಸ್ತ ಸಭೆಯಲ್ಲಿ ಸುಗ್ಗಿ ಆರಾಧನೆ ನಡೆಯಿತು. ಕಾಣಿಕೆ ಹಿಡಿದು ಸಾಲಾಗಿ ಬರುವವರ ಕೈಯಿಂದ ಕಾಳುಕಡಿ ತೆಗೆದುಕೊಂಡು ಗೋಣಿಚೀಲಕ್ಕೆ ಸುರಿಯುವ ಕೆಲಸ ಈ ವರ್ಷ ನನ್ನ ಪಾಲಿಗೆ ಬಂದಿತ್ತು. ಭಾರವಾದ ಕೆಲಸವೇನಲ್ಲ, ಏಕೆಂದರೆ ಕಾಳು ತರುವವರೇ ಈಗ ಕಡಿಮೆ. ಬಂದದ್ದರಲ್ಲಿ ಹೆಚ್ಚಿನವು ಕವರುಗಳು. ಉಳಿದಂತೆ ಹಣ್ಣಿನ ಅಂಗಡಿಯ ಚೀಟಿ ಅಂಟಿದ ಸೇಬು, ಬೇಕರಿಯ ಕೇಕು, ಎರಡು ಕುಂಬಳಕಾಯಿ, ಕಾಲು ಕಟ್ಟಿದ ಒಂದು ಹುಂಜ. ಎರೆ ನೆಲದ ಬಳ್ಳಾರಿಯ ಸುಗ್ಗಿ ಹಬ್ಬದಲ್ಲಿ ಸಿಮ್ಲಾ ಸೇಬು! ಯಾರ ಹೊಲದಲ್ಲಿ ಬೆಳೆದದ್ದೆಂದು ಕೇಳಬೇಕೆನ್ನಿಸಿತು, ಹಬ್ಬದ ದಿನ ಬೇಡವೆಂದು ಸುಮ್ಮನಾದೆ.

ಸಾಲು ಮುಗಿಯುತ್ತ ಬಂದಾಗ ಹತ್ತು ವರ್ಷದ ಹುಡುಗನೊಬ್ಬ ಮುಂದೆ ಬಂದ. ನಮ್ಮ ಸಂಡೇ ಸ್ಕೂಲಿನವನೇ. ಎದೆಗೆ ಅವುಚಿಕೊಂಡಿದ್ದ ಹಳೆಯ ತಗಡಿನ ಡಬ್ಬಿಯ ತುಂಬ ಬಿಳಿಜೋಳ. ಚೀಲದ ಬಾಯಿ ಅಗಲಿಸಿ ಹಿಡಿದೆ. ಅವನು ಡಬ್ಬಿಯನ್ನು ಬಗ್ಗಿಸಲಿಲ್ಲ. ನೆಲಕ್ಕೆ ಇಟ್ಟು, ಅದರೊಳಗೆ ಕೈಹಾಕಿ, ಒಂದು ಹಿಡಿ ತೆಗೆದು ಚೀಲಕ್ಕೆ ಬಿಟ್ಟ. ಮತ್ತೆ ಕೈಹಾಕಿದ. ಮತ್ತೊಂದು ಹಿಡಿ.

"ಸುರಿದುಬಿಡು ಮರಿ, ಹಿಂದೆ ಜನ ಇದ್ದಾರೆ" ಎಂದೆ.

ಅವನು ತಲೆ ಎತ್ತಲಿಲ್ಲ. "ಅಜ್ಜಿ ಹೀಗೇ ಹಾಕಬೇಕು ಎಂದಿದ್ದಾರೆ. ಹಿಡಿಯಲ್ಲಿ ಕೂಡಿಟ್ಟದ್ದನ್ನು ಹಿಡಿಯಲ್ಲೇ ಕೊಡಬೇಕಂತೆ."

ಅವನ ಅಜ್ಜಿಗೆ ಮೊಣಕಾಲು ನೋವು, ಆರಾಧನೆಗೆ ಬಂದು ಆರು ತಿಂಗಳಾಯಿತು. ಹುಡುಗ ಬಾಯೊಳಗೇ ಎಣಿಸುತ್ತಿದ್ದ. ಸಾಲು ನಿಂತಿತು. ಹಾಡು ಮುಗಿದಾಗ ಗಾಯಕ ತಂಡದವರು ಸಭಾಪಾಲಕರಾದ ಅಯ್ಯನವರ ಮುಖ ನೋಡಿ ಮೊದಲ ಚರಣಕ್ಕೆ ಮರಳಿದರು, ಅದೂ ಮುಗಿದ ಮೇಲೆ ಮತ್ತೊಮ್ಮೆ ಮರಳಿದರು. ಮೂರನೆಯ ಸಲ ಕೀಬೋರ್ಡಿನವನು ಬೆರಳು ಎತ್ತಿಬಿಟ್ಟ. ಆಗ ಇಡೀ ದೇವಾಲಯದಲ್ಲಿ ಕೇಳಿಸಿದ್ದು ಒಂದೇ ಸದ್ದು. ಜೋಳದ ಮೇಲೆ ಜೋಳ ಬೀಳುವ ಸದ್ದು.

ಆ ಸದ್ದನ್ನು ನಾನು ಕೇಳಿ ಐವತ್ತು ವರ್ಷವಾಗಿರಬೇಕು.

ಕುರುಗೋಡಿನ ಕಡೆಯ ಹಳ್ಳಿಯಲ್ಲಿ ನಮ್ಮ ಅಜ್ಜಿಯ ಮನೆ. ಬೆಳಗಿನ ಜಾವ, ಕೋಳಿ ಕೂಗುವುದಕ್ಕೂ ಮುಂಚೆ, ಕಂಬಳಿಯೊಳಗೆ ಅರೆನಿದ್ದೆಯಲ್ಲಿರುವ ನನಗೆ ದಿನದ ಮೊದಲ ಸದ್ದು ಅದೇ ಆಗಿತ್ತು. ಬೀಸುಕಲ್ಲಿನ ಸದ್ದು ಅದರ ನಂತರದ್ದು. ಆ ದಿನದ ರೊಟ್ಟಿಗೆ ಜೋಳ ಅಳೆಯುವ ಮೊದಲು ಅಜ್ಜಿ ಒಂದು ಹಿಡಿ ತೆಗೆದು ಮೂಲೆಯ ಗಡಿಗೆಗೆ ಹಾಕುತ್ತಿದ್ದಳು. ಅದು ಕರ್ತನ ಗಡಿಗೆ. ತಿಂಗಳ ಮೊದಲ ಕೆಲವು ದಿನ ಕಾಳು ಬರಿ ಮಣ್ಣಿಗೆ ಬಿದ್ದು ಟಣಟಣ ಎನ್ನುತ್ತಿತ್ತು. ಆಮೇಲೆ ಕಾಳಿನ ಮೇಲೆ ಕಾಳು ಬಿದ್ದು ಸರ್ ಎನ್ನುತ್ತಿತ್ತು. ತಿಂಗಳ ಕೊನೆಗೆ ಗಡಿಗೆಯ ಕೊರಳು ಮುಟ್ಟಿದಾಗ ಸದ್ದೇ ಇರುತ್ತಿರಲಿಲ್ಲ. ಯಾವ ತಾರೀಕು ಎಂದು ಕ್ಯಾಲೆಂಡರ್ ನೋಡದೆ ಹೇಳಬಲ್ಲವನಾಗಿದ್ದೆ.

ಅಜ್ಜಿಯ ಬಲಗೈ ಹೆಬ್ಬೆರಳು ಕುಡುಗೋಲಿನ ಏಟಿಗೆ ಸೊಟ್ಟಗಾಗಿತ್ತು. ಹಾಗಾಗಿ ಅವಳ ಮುಷ್ಟಿ ಪೂರ್ತಿ ಮುಚ್ಚುತ್ತಿರಲಿಲ್ಲ. ಹೆಬ್ಬೆರಳ ಸಂದಿಯಿಂದ ಪ್ರತಿದಿನ ನಾಲ್ಕೈದು ಕಾಳು ನೆಲಕ್ಕೆ ಸೋರುತ್ತಿದ್ದವು. ಚಿಮಣಿಯನ್ನು ನೆಲಕ್ಕೆ ಹಿಡಿದು, ಕೂತಲ್ಲೇ ಸರಿಯುತ್ತ, ಒಂದೊಂದನ್ನೇ ಹೆಕ್ಕಿ ಗಡಿಗೆಗೆ ಹಾಕುವಳು. ಮನೆಯ ಪಾಲಿನ ಕಾಳು ಬಿದ್ದರೆ ಕೋಳಿಗೆ ಬಿಟ್ಟುಬಿಡುವಳು. "ಅವನ ಪಾಲು ಸೋರಬಾರದು" ಎಂಬುದು ಅವಳ ಲೆಕ್ಕ.

ಅವಳಿಗೆ ಓದು ಬರುತ್ತಿರಲಿಲ್ಲ. ಸತ್ಯವೇದವೆಲ್ಲ ಕಿವಿಯಿಂದ ಬಂದದ್ದು. ಬರಗಾಲದಲ್ಲಿ ಪ್ರವಾದಿ ಎಲೀಯನಿಗೆ ಮೊದಲು ರೊಟ್ಟಿ ಸುಟ್ಟುಕೊಟ್ಟ ಚಾರೆಪ್ತದ ವಿಧವೆ ಅವಳ ಪಾಲಿಗೆ ಪಕ್ಕದ ಓಣಿಯ ಹೆಂಗಸು. ಮಡಕೆಯ ತಳದಲ್ಲಿ ಉಳಿದಿದ್ದ ಆ ಹಿಡಿ ಹಿಟ್ಟು ಜೋಳದ್ದೇ ಎಂದು ಅಜ್ಜಿ ಖಂಡಿತವಾಗಿ ನಂಬಿದ್ದಳು. ಚೀದೋನಿನ ಸೀಮೆಯಲ್ಲಿ ಜೋಳ ಬೆಳೆಯುತ್ತಿತ್ತೇ ಎಂದು ಕೇಳುವ ಧೈರ್ಯ ನಮ್ಮ ಮನೆಯಲ್ಲಿ ಯಾರಿಗೂ ಇರಲಿಲ್ಲ. ಬಂದುಹೋಗುವ ಅಯ್ಯನವರಿಗೂ ಇರಲಿಲ್ಲ.

1972ರ ಬರದಲ್ಲಿ ನನಗೆ ಎಂಟು ವರ್ಷ. ಹೊಲದಲ್ಲಿ ಬಿತ್ತಿದ್ದು ಮೊಳಕೆಯಲ್ಲೇ ಸುಟ್ಟಿತು. ರೇಷನ್ನಿನ ಕೆಂಪು ಜೋಳ ಬಂತು, ಅದರ ರೊಟ್ಟಿ ತಟ್ಟಿದರೆ ಅಂಚೆಲ್ಲ ಒಡೆಯುತ್ತಿತ್ತು. ಮಕ್ಕಳಿಗೆ ಒಂದೊಂದು, ದೊಡ್ಡವರಿಗೆ ಅರ್ಧರ್ಧ. ಆಗಲೂ ಬೆಳಗಿನ ಜಾವ ಆ ಸದ್ದು ತಪ್ಪಲಿಲ್ಲ. ಒಂದು ದಿನ ಅಜ್ಜ ತಡೆಯಲಾರದೆ ಕೇಳಿಬಿಟ್ಟರು.

"ನಿನ್ನ ಕರ್ತನಿಗೇನು ಹೊಟ್ಟೆ ಇದೆಯೇ?"

"ಅವನಿಗಿಲ್ಲ, ಅವನ ಬಾಗಿಲಿಗೆ ಬರುವವರಿಗಿದೆ" ಎಂದಳು ಅಜ್ಜಿ, ಕಾಳು ಹೆಕ್ಕುವುದನ್ನು ನಿಲ್ಲಿಸದೆ. ಅಜ್ಜ ಮತ್ತೆ ಆ ಮಾತು ಎತ್ತಲಿಲ್ಲ. ಧಾತು ಸಂವತ್ಸರದ ಬರದ ಕಥೆಗಳು, ಅಂದರೆ 1876ರಿಂದ 78ರವರೆಗೆ ಈ ಸೀಮೆಯನ್ನು ಮಸಣ ಮಾಡಿದ ಬರದ ಕಥೆಗಳು, ಅಜ್ಜಿಯ ಬಾಲ್ಯದಲ್ಲಿ ಇನ್ನೂ ಬಿಸಿಯಾಗಿದ್ದವು. ಗಂಜಿಯ ಸಾಲಿನಲ್ಲಿ ನಿಂತವರ ಮಕ್ಕಳೇ ಅವಳನ್ನು ಎತ್ತಿ ಆಡಿಸಿದವರು.

ಈ ಹಿಡಿ ಕಾಳು ಮಿಷನರಿಗಳು ಕಲಿಸಿದ ಪಾಠ ಎಂದು ನಮ್ಮವರಲ್ಲಿ ಕೆಲವರು ಹೇಳುತ್ತಾರೆ. ಇರಬಹುದು. ಆದರೆ ನಮ್ಮ ಓಣಿಯಲ್ಲಿ ಜಂಗಮರು ಜೋಳಿಗೆ ಹಿಡಿದು ಬರುತ್ತಿದ್ದರು, ದಾಸಯ್ಯ ಶಂಖ ಊದಿ ನಿಲ್ಲುತ್ತಿದ್ದ, ಮೊಹರಂನಲ್ಲಿ ಫಕೀರರು ಬರುತ್ತಿದ್ದರು. ಎಲ್ಲರ ಮನೆಯಿಂದಲೂ ಒಂದು ಹಿಡಿ ಹೊರಗೆ ಹೋಗುತ್ತಿತ್ತು. "ನಮ್ಮ ಕರ್ತ ಜೋಳಿಗೆ ಹಿಡಿದು ಬಾಗಿಲಿಗೆ ಬರುವವನಲ್ಲ, ಅದಕ್ಕೆ ಗಡಿಗೆ ಇಟ್ಟಿದ್ದೇವೆ" ಎನ್ನುತ್ತಿದ್ದಳು ಅಜ್ಜಿ. ಇದಕ್ಕಿಂತ ಒಳ್ಳೆಯ ವಿವರಣೆಯನ್ನು ನಾನು ಯಾವ ಪ್ರಸಂಗದಲ್ಲೂ ಕೇಳಿಲ್ಲ.

ಇಷ್ಟೆಲ್ಲ ಬರೆದ ಮೇಲೆ ನನ್ನ ತಪ್ಪನ್ನೂ ಹೇಳಿಬಿಡಬೇಕು. ಸುಗ್ಗಿ ಆರಾಧನೆಗೆ ಎಂಟು ದಿನ ಮೊದಲು ಸಭಾ ಸಮಿತಿ ಕೂಡಿತ್ತು. ಮುಂದಿನ ವರ್ಷದಿಂದ ಕಾಳಿನ ಕಾಣಿಕೆಯನ್ನು ನಿಲ್ಲಿಸಿ, ಬಾಗಿಲಲ್ಲಿ ಕ್ಯೂಆರ್ ಕೋಡಿನ ಹಲಗೆ ಇಟ್ಟರೆ ಸಾಕು ಎಂದು ಒಬ್ಬರು ಸೂಚಿಸಿದರು. ಕಾಳಿಗೆ ನುಸಿ ಬೀಳುತ್ತದೆ, ತೂಗಿಸಿ ಮಾರುವವರು ಯಾರು, ಹರಾಜಿನಲ್ಲಿ ಜೋಳವನ್ನು ಯಾರೂ ಕೂಗುವುದಿಲ್ಲ. ಎಲ್ಲವೂ ನಿಜವೇ. ಯಾರಾದರೂ ಅನುಮೋದಿಸಿ ಎಂದಾಗ ಕೈ ಎತ್ತಿದವನು ನಾನು. ಸಭೆಯ ಹಿರಿಯ ಎಂದು ಕರೆಸಿಕೊಂಡ ಮೊದಲ ವರ್ಷವೇ ನಾನು ಮಾಡಿದ ಘನಕಾರ್ಯ ಅದು.

ಹಿರಿಯ ಎಂಬ ಮಾತು ನಮ್ಮಲ್ಲಿ ಸುಮ್ಮನೆ ಬಂದದ್ದಲ್ಲ. ನಮ್ಮದು ಲಂಡನ್ ಮಿಷನ್ನಿನ ಹಳೆಯ ಬೇರು. 1810ರಲ್ಲಿ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದು ನೆಲೆಸಿ, ಕನ್ನಡ ಕಲಿತು, ಜೊತೆಗಾರರೊಂದಿಗೆ ಸತ್ಯವೇದವನ್ನು ಕನ್ನಡಕ್ಕೆ ತರಲು ಕೂತರು. 1831ರ ವೇಳೆಗೆ ಇಡೀ ಸತ್ಯವೇದ ಕನ್ನಡದಲ್ಲಿ ಅಚ್ಚಾಯಿತು. ಈ ಬಿಸಿಲಿನಲ್ಲಿ, ಈ ಗುಡ್ಡದ ನೆರಳಿನಲ್ಲಿ ಆ ಕೆಲಸ ನಡೆಯಿತೆಂಬುದು ನೆನಪಾದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ. 1908ರಲ್ಲಿ ಲಂಡನ್ ಮಿಷನ್ನಿನಂಥ ಕಾಂಗ್ರಿಗೇಷನಲ್ ಸಭೆಗಳೂ ಪ್ರೆಸ್ಬಿಟೇರಿಯನ್ ಸಭೆಗಳೂ ಒಂದಾಗಿ ದಕ್ಷಿಣ ಭಾರತ ಐಕ್ಯ ಸಭೆಯಾದವು. 1947ರ ಸೆಪ್ಟೆಂಬರ್ 27ರಂದು ಮದ್ರಾಸಿನ ಸೇಂಟ್ ಜಾರ್ಜ್ ಕೆಥೆಡ್ರಲಿನಲ್ಲಿ ಆಂಗ್ಲಿಕನ್ನರೂ ಮೆಥಡಿಸ್ಟರೂ ಕೂಡಿಕೊಂಡು ಇಂದಿನ ದಕ್ಷಿಣ ಭಾರತ ಸಭೆ, ಅಂದರೆ ಸಿಎಸ್‌ಐ ಆಯಿತು. ಪ್ರೆಸ್ಬಿಟೇರಿಯನ್ನರು ತಂದ ಬಳುವಳಿಯ ಹೆಸರಲ್ಲೇ ಅದರ ಅರ್ಥವಿದೆ. ಗ್ರೀಕಿನಲ್ಲಿ ಅದರ ಮೂಲಪದಕ್ಕೆ ಹಿರಿಯ ಎಂದೇ ಅರ್ಥ. ಒಬ್ಬರೇ ಆಳದೆ, ಹಿರಿಯರು ಕೂಡಿ ಕೂತು, ಪ್ರಾರ್ಥಿಸಿ, ಸಭೆಯನ್ನು ನಡೆಸಬೇಕು. ಅಜ್ಜಿಯ ಹೆಸರು ಯಾವ ಹಿರಿಯರ ಪಟ್ಟಿಯಲ್ಲೂ ಇರಲಿಲ್ಲ. ಹೆಬ್ಬೆಟ್ಟು ಒತ್ತುವವಳನ್ನು ಯಾರು ಸೇರಿಸುತ್ತಾರೆ? ಆ ಹೆಬ್ಬೆಟ್ಟೂ ಸೊಟ್ಟ.

ಹುಡುಗನ ಡಬ್ಬಿ ಬರಿದಾಯಿತು. ಕೊನೆಯಲ್ಲಿ ಡಬ್ಬಿಯನ್ನು ತಲೆಕೆಳಗು ಮಾಡಿ, ತಳಕ್ಕೆ ಎರಡು ಸಲ ತಟ್ಟಿ, "ಅರವತ್ತೊಂದು" ಎಂದ. ಎರಡು ತಿಂಗಳ ಅಜ್ಜಿ ಅದರೊಳಗಿದ್ದಳು. ಅಯ್ಯನವರು ಪ್ರಾರ್ಥನೆಗೆ ಬಾಯಿ ತೆರೆದವರು ತುಸು ಹೊತ್ತು ಸುಮ್ಮನೆ ನಿಂತರು. ನಾನು ಚೀಲದ ಬಾಯಿ ಕಟ್ಟುವ ನೆಪದಲ್ಲಿ ಬಗ್ಗಿದವನು ಕಣ್ಣು ಒರೆಸಿಕೊಂಡೇ ಎದ್ದೆ.

ಆಮೇಲಿನ ಹರಾಜು ಎಂದಿನಂತೆ ಗಲಾಟೆಯದು. ಒಂದೇ ಕುಂಬಳಕಾಯಿ ಮೂರು ಸಲ ಮಾರಾಟವಾಯಿತು, ಕೊಂಡವರೆಲ್ಲ ಅದನ್ನು ಮತ್ತೆ ದೇವರಿಗೇ ಬಿಟ್ಟರು. ಹುಂಜ ಮಾತ್ರ ಮರಳಿ ಬರಲಿಲ್ಲ. ಜೋಳದ ಸರದಿ ಬಂದಾಗ ಎಂದಿನಂತೆ ಮೌನ. ನಾನು ಕೂಗಿದೆ. ಸವಾಲಿಗೆ ಯಾರೂ ಇರಲಿಲ್ಲವಾದ್ದರಿಂದ ನನ್ನ ಮೇಲೆ ನಾನೇ ಎರಡು ಸಲ ಏರಿಸಿದೆ. ಜನ ನಕ್ಕರು. ಜೋಳವನ್ನು ಹಾಸ್ಟೆಲಿನ ಮಕ್ಕಳಿಗೆ ಕಳಿಸಿದೆವು.

ಅಯ್ಯನವರು ಮುಂದಿನ ದಿನಗಳ ಪ್ರಕಟಣೆ ಓದಿದರು. ಬೂದಿ ಬುಧವಾರದಿಂದ ಲೆಂಟ್ ಆರಂಭ, ವಾರಕ್ಕೊಂದು ಮನೆಕೂಟ, ಒಂದೊಂದು ಬಡಾವಣೆಗೆ ಒಂದೊಂದು ವಾರ. ಮನೆಕೂಟದ ನಂತರ ಚಹಾ ಬಿಟ್ಟು ಬೇರೇನೂ ಮಾಡಬಾರದೆಂದು ಈ ಸಲ ಕಟ್ಟುನಿಟ್ಟಾಗಿ ಹೇಳಿದ್ದಾರೆ. ಉಪವಾಸದ ಕಾಲದಲ್ಲಿ ಮೆಣಸಿನಕಾಯಿ ಬಜ್ಜಿಯ ಪೈಪೋಟಿ ನಡೆಯುತ್ತಿದ್ದುದನ್ನು ಕಂಡವರಿಗೆ ಇದರ ಅಗತ್ಯ ಗೊತ್ತು. ಮಾರ್ಚ್ ಮೊದಲ ಶುಕ್ರವಾರ ಸ್ತ್ರೀಯರ ವಿಶ್ವ ಪ್ರಾರ್ಥನಾ ದಿನ. ಹತ್ತೊಂಬತ್ತನೇ ಶತಮಾನದ ಅಮೆರಿಕದಲ್ಲಿ ಪ್ರೆಸ್ಬಿಟೇರಿಯನ್ ಹೆಂಗಸರು ಮೊದಲಿಟ್ಟ ಪ್ರಾರ್ಥನೆಯ ಕೂಟಗಳಲ್ಲಿ ಅದರ ಬೇರಿದೆ. ಆ ದಿನ ಆರಾಧನೆಯನ್ನು ಹೆಂಗಸರೇ ನಡೆಸುತ್ತಾರೆ, ಅಯ್ಯನವರು ಎಲ್ಲರೊಂದಿಗೆ ಬೆಂಚಿನಲ್ಲಿ ಕೂರುತ್ತಾರೆ.

ಶುಭ ಶುಕ್ರವಾರದ ಮೂರು ತಾಸಿನ ಆರಾಧನೆಯಲ್ಲಿ ಯೇಸು ಶಿಲುಬೆಯ ಮೇಲೆ ಆಡಿದ ಏಳು ಮಾತುಗಳನ್ನು ಏಳು ಜನರಿಗೆ ಹಂಚಿದ್ದಾರೆ. ನನಗೆ ಐದನೆಯದು ಬಂದಿದೆ: "ನನಗೆ ನೀರಡಿಕೆಯಾಗಿದೆ." ಬಳ್ಳಾರಿಯ ಆ ಬಿಸಿಲಿನಲ್ಲಿ, ನಡುಮಧ್ಯಾಹ್ನ, ಈ ಮಾತಿಗೆ ವ್ಯಾಖ್ಯಾನ ಬೇಕೇ ಎಂದು ಯೋಚಿಸುತ್ತಿದ್ದೇನೆ. ಪುನರುತ್ಥಾನದ ಬೆಳಗಿನ ಜಾವದ ಆರಾಧನೆ ಸಮಾಧಿಭೂಮಿಯಲ್ಲಿ. ಅದಕ್ಕೆ ಮುಂಚೆ ಯೌವನಸ್ಥರ ಕೂಟದವರು ಅಲ್ಲಿ ಬೆಳೆದಿರುವ ಜಾಲಿ ಕಡಿದು, ಸಮಾಧಿಗಳಿಗೆ ಸುಣ್ಣ ಹೊಡೆಯಬೇಕು. ನಾಡಿನವರೆಲ್ಲ ಆ ಮುಳ್ಳಿಗೆ ನಮ್ಮೂರಿನ ಹೆಸರನ್ನೇ ಇಟ್ಟು ಬಳ್ಳಾರಿ ಜಾಲಿ ಎನ್ನುವಾಗ, ಅದನ್ನು ಕಡಿಯುವ ಹೊಣೆಯೂ ನಮ್ಮದೇ ತಾನೇ. ಮೇ ತಿಂಗಳಲ್ಲಿ ಮಕ್ಕಳಿಗೆ ರಜಾಕಾಲದ ಸತ್ಯವೇದ ಶಾಲೆ.

ಪ್ರಕಟಣೆಯಲ್ಲಿ ಇಲ್ಲದ ಒಂದು ಸಂಗತಿ ಉಳಿದಿದೆ. ಸಮಿತಿ ಮತ್ತೆ ಕೂಡಿದಾಗ ನನ್ನ ಅನುಮೋದನೆಯನ್ನು ಹಿಂತೆಗೆದುಕೊಳ್ಳುತ್ತೇನೆಂದು ಕಾರ್ಯದರ್ಶಿಗೆ ಹೇಳಿದ್ದೇನೆ. "ಒಮ್ಮೆ ಬರೆದಾದ ಮೇಲೆ ಹಾಗೆಲ್ಲ ಬರುವುದಿಲ್ಲ ಅಣ್ಣಾ" ಎಂದರು ಅವರು. ನಿಯಮ ನೋಡೋಣ. ಕ್ಯೂಆರ್ ಹಲಗೆ ಇರಲಿ, ನನ್ನ ತಕರಾರಿಲ್ಲ. ನಾನೂ ಅದರಲ್ಲೇ ದಶಮಾಂಶ ಕಳಿಸುವವನು. ಅದರ ಪಕ್ಕದಲ್ಲಿ ಒಂದು ಗೋಣಿಚೀಲವೂ ಇರಲಿ ಎಂಬುದಷ್ಟೇ ನನ್ನ ಮಾತು. ನುಸಿಯ ಚಿಂತೆ ಇರುವವರು ತಿಂಗಳಿಗೊಮ್ಮೆ ಚೀಲ ಬಿಚ್ಚಿ ಬಿಸಿಲಿಗೆ ಹರವಲಿ. ಬಳ್ಳಾರಿಯಲ್ಲಿ ಬಿಸಿಲಿಗೇನು ಬರವೇ?

ಸೋಮವಾರ ಕುಂಬಾರರ ಮನೆಗೆ ಹೋಗಿ ಒಂದು ಗಡಿಗೆ ತಂದೆ. ಹೆಂಡತಿ ಅದನ್ನು ತೊಳೆದು ಒಣಗಿಸಿ, ಮೂಲೆಯಲ್ಲಿಟ್ಟು, ಹಾಕುವುದೇನನ್ನು ಎಂದು ಕೇಳಿದಳು. ಮನೆಯಲ್ಲಿ ಜೋಳವೇ ಇರಲಿಲ್ಲ. ರೊಟ್ಟಿ ಕೇಂದ್ರದಿಂದ ಹತ್ತರ ಕಟ್ಟು ತರುವ ಮನೆಗೆ ಜೋಳ ಎಲ್ಲಿಂದ ಬರಬೇಕು? ಅಜ್ಜಿಯ ಹೊಲವಿದ್ದ ಕಡೆಯೂ ಈಗ ಮೆಣಸಿನಕಾಯಿ, ಹತ್ತಿ. ಮೊದಲ ದಿನ ಅಕ್ಕಿ ಹಾಕಿದೆವು. ದೇವರಿಗೆ ಅಕ್ಕಿಯೂ ಒಂದೇ, ಜೋಳವೂ ಒಂದೇ. ಆದರೆ ಸದ್ದು ಬೇರೆ. ಅಕ್ಕಿ ಚುರುಚುರು ಎಂದು ಬೇಗ ಮುಗಿದುಬಿಡುತ್ತದೆ.

ಮರುದಿನ ಸಂತೆಯಿಂದ ಐದು ಕಿಲೋ ಬಿಳಿಜೋಳ ತಂದೆ. ಬುಧವಾರ ಬೆಳಗಿನ ಜಾವ ಎದ್ದು, ದೀಪ ಹಾಕದೆ, ಡಬ್ಬಿಗೆ ಕೈಹಾಕಿ ಒಂದು ಹಿಡಿ ತೆಗೆದೆ. ನನ್ನ ಹೆಬ್ಬೆರಳು ನೆಟ್ಟಗೇ ಇದೆ. ಆದರೂ ಗಡಿಗೆ ಮುಟ್ಟುವಷ್ಟರಲ್ಲಿ ಎರಡು ಮೂರು ಕಾಳು ನೆಲಕ್ಕೆ ಬಿದ್ದು ಎಲ್ಲಿಗೋ ಉರುಳಿದವು. ಸದ್ದಿಗೆ ಎದ್ದು ಬಂದ ಹೆಂಡತಿ ಏನೂ ಕೇಳಲಿಲ್ಲ. ಮೊಬೈಲಿನ ಬೆಳಕು ಹಚ್ಚಿ ನೆಲಕ್ಕೆ ಹಿಡಿದಳು.