ಇಪ್ಪತ್ತನಾಲ್ಕರಿಂದ ಭಾಗಿಸಿದರೆ ಉಳಿಯುವ ಒಂದು

2 ಮತ್ತು 3ನ್ನು ಬಿಟ್ಟು ಯಾವುದೇ ಅವಿಭಾಜ್ಯ ಸಂಖ್ಯೆಯ ವರ್ಗವನ್ನು 24ರಿಂದ ಭಾಗಿಸಿದರೂ ಶೇಷ 1 ಉಳಿಯುತ್ತದೆ. 7ರ ವರ್ಗ 49, ಅಂದರೆ 48ರ ಮೇಲೊಂದು. 101ರ ವರ್ಗವಾದ 10,201ರಲ್ಲಿ 24ರ 425ರಷ್ಟನ್ನು ಕಳೆದರೂ ಮಿಗುವುದು ಒಂದೇ. ಯಾವ ಕಟ್ಟಿಗೂ ಸಿಗದಂತೆ ಚದುರಿರುವ ಅವಿಭಾಜ್ಯಗಳು ಈ ಒಂದು ವಿಷಯದಲ್ಲಿ ಇಷ್ಟು ವಿಧೇಯವಾಗಿರುವುದು ವಿಸ್ಮಯ ಹುಟ್ಟಿಸುತ್ತದೆಯಾದರೂ ಅದರ ಕಾರಣ ತೀರ ಸರಳ.

ಒಂದು ಸಂಖ್ಯೆಯ ವರ್ಗದಿಂದ 1 ಕಳೆದರೆ ಸಿಗುವುದು ಅದರ ಹಿಂದಿನ ಮತ್ತು ಮುಂದಿನ ಸಂಖ್ಯೆಗಳ ಗುಣಲಬ್ಧ. 48 ಎಂಬುದು 6 ಮತ್ತು 8ರ ಗುಣಲಬ್ಧವಾಗಿರುವಂತೆ. ನಡುವಿನ ಸಂಖ್ಯೆ ಬೆಸವಾದ್ದರಿಂದ ಅಕ್ಕಪಕ್ಕದವೆರಡೂ ಸಮಸಂಖ್ಯೆಗಳು, ಅವುಗಳಲ್ಲೊಂದು 4ರಿಂದಲೂ ಭಾಗವಾಗಲೇಬೇಕಾದ್ದರಿಂದ ಗುಣಲಬ್ಧ 8ರ ಅಪವರ್ತ್ಯ. ಇನ್ನು ಅನುಕ್ರಮವಾದ ಮೂರು ಸಂಖ್ಯೆಗಳಲ್ಲಿ ಒಂದು 3ರಿಂದ ಭಾಗವಾಗುತ್ತದೆ, ನಡುವಿನದು ಆಗುವುದಿಲ್ಲ, ಆದ್ದರಿಂದ ಪಕ್ಕದವುಗಳಲ್ಲೊಂದು ಆಗಲೇಬೇಕು. ಹೀಗೆ 8 ಮತ್ತು 3 ಗುಣಿಸಿ 24 ಆಯಿತು. ಈ ವಾದದಲ್ಲಿ ಅವಿಭಾಜ್ಯತೆಯನ್ನು ಪೂರ್ತಿಯಾಗಿ ಬಳಸಿಯೇ ಇಲ್ಲ ಎಂಬುದನ್ನು ಗಮನಿಸಬೇಕು. 2 ಮತ್ತು 3ರಿಂದ ಭಾಗವಾಗದಿದ್ದರೆ ಸಾಕು. 35 ಅವಿಭಾಜ್ಯವಲ್ಲ, ಆದರೂ ಅದರ ವರ್ಗ 1,225 ಶೇಷ 1ನ್ನೇ ಕೊಡುತ್ತದೆ.

ನನಗೆ ಇದಕ್ಕಿಂತಲೂ ಪ್ರಿಯವಾದದ್ದು ಇದರ ಮುಂದಿನ ಮಾತು. ತನ್ನೊಡನೆ 1ರ ಹೊರತು ಬೇರೆ ಸಾಮಾನ್ಯ ಅಪವರ್ತನವಿಲ್ಲದ ಎಲ್ಲ ಸಂಖ್ಯೆಗಳ ವರ್ಗಕ್ಕೂ ಶೇಷ 1 ಕೊಡುವ ಭಾಜಕಗಳಲ್ಲಿ 24 ಅತಿ ದೊಡ್ಡದು. ಅಂಥ ಭಾಜಕ 5ರಿಂದ ಭಾಗವಾಗದಿದ್ದರೆ 5ರ ವರ್ಗವಾದ 25 ಕೂಡ ಶೇಷ 1 ಕೊಡಬೇಕು, ಅಂದರೆ ಆ ಭಾಜಕ 24ನ್ನು ನಿಶ್ಶೇಷವಾಗಿ ಭಾಗಿಸಬೇಕು. ಅದು 5ರಿಂದ ಭಾಗವಾಗುವಂಥದ್ದಾದರೆ, ಅದರೊಡನೆ ಸಾಮಾನ್ಯ ಅಪವರ್ತನವಿಲ್ಲದ, 5ರಿಂದ ಭಾಗಿಸಿದಾಗ 2 ಉಳಿಸುವ ಸಂಖ್ಯೆಯೊಂದು ಸಿಕ್ಕೇ ಸಿಗುತ್ತದೆ. ಅದರ ವರ್ಗವನ್ನು 5ರಿಂದ ಭಾಗಿಸಿದರೆ 4 ಉಳಿಯುವುದರಿಂದ ನಿಯಮ ಅಲ್ಲಿಗೇ ಮುರಿಯುತ್ತದೆ. ಅನಂತ ಸಂಖ್ಯೆಗಳನ್ನು ಇಷ್ಟು ಅಗ್ಗವಾಗಿ ತಳ್ಳಿಹಾಕುವ ಅವಕಾಶ ಗಣಿತದಲ್ಲಿ ಅಪರೂಪ.

ತನ್ನ ವರ್ಗಮೂಲವನ್ನು ಮೀರದ ಎಲ್ಲ ಪೂರ್ಣಸಂಖ್ಯೆಗಳಿಂದಲೂ ಭಾಗವಾಗುವ ಸಂಖ್ಯೆಗಳಲ್ಲಿಯೂ 24 ಕೊನೆಯದು.

ಮತ್ತೊಂದು ಕೊನೆಯನ್ನು ಸಾಧಿಸಲು ಮಾತ್ರ ಬಹಳ ಶ್ರಮ ಬೇಕಾಯಿತು. 1ರಿಂದ 24ರವರೆಗಿನ ವರ್ಗಗಳ ಮೊತ್ತ 4,900, ಅದು 70ರ ವರ್ಗ. ಚೌಕಾಕಾರದ ಪಾಯದ ಮೇಲೆ ಪಿರಮಿಡ್ಡಿನಂತೆ ಪೇರಿಸಿದ ಫಿರಂಗಿ ಗುಂಡುಗಳನ್ನು ನೆಲದ ಮೇಲೆ ಒಂದೇ ಚೌಕವಾಗಿಯೂ ಹರಡಲು ಸಾಧ್ಯವಾಗುವುದು, ಒಂದೇ ಗುಂಡಿರುವ ಸಂದರ್ಭವನ್ನು ಬಿಟ್ಟರೆ, 24 ಅಂತಸ್ತುಗಳಿದ್ದಾಗ ಮಾತ್ರ ಎಂದು ಫ್ರೆಂಚ್ ಗಣಿತಜ್ಞ ಎಡ್ವಾರ್ ಲ್ಯೂಕಾಸ್ 1875ರಲ್ಲಿ ಮುಂದಿಟ್ಟ ಹೇಳಿಕೆಗೆ ಇಂಗ್ಲಿಷ್ ಗಣಿತಜ್ಞ ಜಿ. ಎನ್. ವಾಟ್ಸನ್ 1918ರಲ್ಲಿ ಪೂರ್ಣ ಸಾಧನೆ ಕೊಟ್ಟರು. ಈ ಸಮೀಕರಣ ಬರಿಯ ಮೋಜಿನ ಲೆಕ್ಕವಾಗಿ ಉಳಿಯಲಿಲ್ಲ. 0ಯಿಂದ 24ರವರೆಗಿನ ಸಂಖ್ಯೆಗಳನ್ನೂ 70ನ್ನೂ ಘಟಕಗಳಾಗಿ ಉಳ್ಳ ಸದಿಶವೊಂದರಿಂದ (ಕ್ರಮವಾಗಿ ಜೋಡಿಸಿದ ಸಂಖ್ಯೆಗಳ ಪಟ್ಟಿಯಿಂದ) ಹೊರಟು, 24 ಆಯಾಮಗಳಲ್ಲಿ ಗೋಲಗಳನ್ನು ಅತ್ಯಂತ ಒತ್ತಾಗಿ ಜೋಡಿಸುವ ಲೀಚ್ ಜಾಲಕವೆಂಬ ಬಿಂದುಗಳ ನಿಯತ ವಿನ್ಯಾಸವನ್ನು ಕಟ್ಟಬಹುದೆಂದು ಗಣಿತಜ್ಞ ಜಾನ್ ಕಾನ್ವೇ ತೋರಿಸಿದರು. ಆ ಜೋಡಣೆಯಲ್ಲಿ ಪ್ರತಿಯೊಂದು ಗೋಲವನ್ನೂ 1,96,560 ಗೋಲಗಳು ಮುಟ್ಟಿಕೊಂಡಿರುತ್ತವೆ.