ತಲಕಾಡಿನಿಂದ ಬಂದವಳು

ಗೆದ್ದ ದಂಡನಾಯಕನಿಗೆ ಸೋತ ಊರಿನ ಹೆಣ್ಣು ಮೂರನೇ ಅಧ್ಯಾಯಕ್ಕೇ ಮನಸೋಲುವ ಕಾದಂಬರಿಗಳನ್ನು ಓದಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಅಪ್ಪನನ್ನು ಯುದ್ಧದಲ್ಲಿ ಕಳೆದುಕೊಂಡವಳ ದುಃಖ ಅಷ್ಟು ಬೇಗ ಆರುತ್ತದೆಯೇ?

ಬೇಲೂರಿನಲ್ಲಿ ಕುಳಿತು ನಾನು ಬರೆಯುತ್ತಿರುವ ಕಥೆಯ ನಾಯಕಿ ತಲಕಾಡಿನವಳು. ವಿಷ್ಣುವರ್ಧನ ಚೋಳರನ್ನು ಸೋಲಿಸಿ ‘ತಲಕಾಡುಗೊಂಡ’ನಾದ, 1117ರಲ್ಲಿ ಇಲ್ಲಿ ಚೆನ್ನಕೇಶವನ ಪ್ರತಿಷ್ಠೆಯಾಯಿತು. ಅರಸನಿಗೆ ಬಿರುದು ಸಿಕ್ಕಿತು, ಸರಿ. ಅವಳಿಗೆ?

ದಂಡನಾಯಕನ ಕೈಗೆ ಅವಳನ್ನು ಒಪ್ಪಿಸಲು ನನಗೆ ಸುತರಾಂ ಇಷ್ಟವಿಲ್ಲ. ಅವಳೆದುರು ಒಬ್ಬ ಶಿಲ್ಪಿಯನ್ನು ತಂದಿದ್ದೇನೆ. ಮೊಣಕೈವರೆಗೂ ಬಳಪದ ಕಲ್ಲಿನ ಬೂದು ಪುಡಿ, ಉಗುರಿನ ಸಂದಿಯಲ್ಲೂ ಅದೇ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ತಮ್ಮ ಕೆಲಸದ ಮೇಲೆ ಹೆಸರು ಕೊರೆದ ಕಾಲವಲ್ಲವೇ ಅದು! ಹಾಗೆ ಕೊರೆದ ಹೆಸರುಗಳನ್ನು ಕಂಡೇ ಅವಳು ನನ್ನ ಶಿಲ್ಪಿಯನ್ನು ಮೊದಲ ಸಲ ಮಾತನಾಡಿಸುತ್ತಾಳೆ: “ನನ್ನ ಅಪ್ಪನ ಹೆಸರನ್ನೂ ಎಲ್ಲಾದರೂ ಕೆತ್ತುವೆಯಾ?”

ಅವನ ಉತ್ತರವನ್ನು ಈ ವಾರ ಬರೆಯಬೇಕು.