ಚಾರ್ಟಿನ ಮೇಲಿನ ಚಿತ್ರ

ಇಂದು ಸಂಜೆ ಮಗಳು ಶಾಲೆಯ ಚಾರ್ಟಿಗೆ ಅಂಟಿಸಲು ಒಂದು ಚಿತ್ರವನ್ನು ಮುದ್ರಿಸಿಕೊಂಡು ಬಂದಳು.

2014ರ ಸೆಪ್ಟೆಂಬರ್ 24ರಂದು ಮಂಗಳಯಾನ ನೌಕೆಯು ಮಂಗಳನ ಕಕ್ಷೆಯನ್ನು ಸೇರಿದಾಗ, ಬೆಂಗಳೂರಿನ ಇಸ್ರೋ ಕೇಂದ್ರದಲ್ಲಿ ರೇಷ್ಮೆ ಸೀರೆಯುಟ್ಟು, ಮುಡಿಯಲ್ಲಿ ಹೂವಿಟ್ಟು, ಒಬ್ಬರನ್ನೊಬ್ಬರು ಅಭಿನಂದಿಸುತ್ತಿದ್ದ ಮಹಿಳೆಯರ ಚಿತ್ರ ಅದು. ಆ ಹೂವಿನ ಮೇಲೆಯೇ ನನ್ನ ಕಣ್ಣು ನಿಲ್ಲುತ್ತದೆ. ಹಬ್ಬದ ದಿನ ಅಮ್ಮ ಮುಡಿಯುತ್ತಿದ್ದಂಥ ಹೂವು ಬಾಹ್ಯಾಕಾಶದ ಸುದ್ದಿಯೊಳಗೆ ಬಂದದ್ದನ್ನು ನಾನು ಅಂದು ಮೊದಲ ಬಾರಿಗೆ ಕಂಡೆ.

ಅವರು ವಿಜ್ಞಾನಿಗಳಲ್ಲ, ಆಡಳಿತ ವಿಭಾಗದ ಸಿಬ್ಬಂದಿ ಎಂದು ಇಸ್ರೋ ಬಳಿಕ ತಿಳಿಸಿತು. ಅವರ ಸಂತೋಷ ನ್ಯಾಯವಾದದ್ದೇ. ಆ ದುಡಿಮೆಯಲ್ಲಿ ಅವರ ಪಾಲೂ ಇತ್ತು. ಆದರೆ ನೌಕೆಯ ಕಾರ್ಯಾಚರಣೆಯ ಉಪನಿರ್ದೇಶಕಿಯರಾಗಿದ್ದ ರಿತು ಕರಿಧಾಲ್ ಮತ್ತು ನಂದಿನಿ ಹರಿನಾಥ್ ಅವರ ಹೆಸರುಗಳು ಆ ದಿನ ನಮ್ಮ ಮನೆಯಲ್ಲಿ ಯಾರಿಗೂ ತಿಳಿದಿರಲಿಲ್ಲ ಎಂಬುದು ನನ್ನನ್ನು ಇಂದಿಗೂ ನೋಯಿಸುತ್ತದೆ. 2019ರಲ್ಲಿ ಚಂದ್ರಯಾನ-2ರ ಯೋಜನಾ ನಿರ್ದೇಶಕಿ ಎಂ. ವನಿತಾ, ಮಿಷನ್ ನಿರ್ದೇಶಕಿ ರಿತು ಎಂದು ಪತ್ರಿಕೆಯಲ್ಲಿ ಓದಿದಾಗ ಮಗಳಿನ್ನೂ ಚಿಕ್ಕವಳು.

ಚಿತ್ರವನ್ನು ತೆಗೆಯಬೇಡ ಎಂದೆ. ಅದರ ಪಕ್ಕದಲ್ಲಿ ಆ ಮೂರು ಹೆಸರುಗಳನ್ನು ಅವಳು ಈಗ ದಪ್ಪ ಅಕ್ಷರಗಳಲ್ಲಿ ಬರೆಯುತ್ತಿದ್ದಾಳೆ.